ಮೂರ್ ಸ್ಕೂಲಿನ ಆ ಒಂದು ವರ್ಷ



ಕಾಲೇಜಿನ ಸಾಧನೆ ಎಂದೊಡನೆ ನಮಗೆ ನೆನಪಾಗುವುದು ರ‍್ಯಾಂಕುಗಳ ಪಟ್ಟಿ ಮತ್ತು ಬಹುಮಾನ ವಿತರಣೆಯ ಫೋಟೋಗಳು. ಆದರೆ ಜಗತ್ತನ್ನೇ ಬದಲಿಸಿದ ಒಂದು ಇಂಜಿನಿಯರಿಂಗ್ ಶಾಲೆಯ ಒಂದು ವರ್ಷದ ಕಥೆ ನಿಮಗೆ ಗೊತ್ತೇ?

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲ್ ಆಫ್ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಆ ಶಾಲೆ. ಎರಡನೇ ಮಹಾಯುದ್ಧದ ಕಾಲವದು. ಫಿರಂಗಿಯ ಗುಂಡು ಎಲ್ಲಿ ಬೀಳುತ್ತದೆ ಎಂಬ ಒಂದು ಲೆಕ್ಕವನ್ನು ಮೇಜಿನ ಯಂತ್ರದಲ್ಲಿ ಮಾಡಲು ಇಪ್ಪತ್ತಕ್ಕೂ ಹೆಚ್ಚು ಗಂಟೆ ಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ 1943ರಲ್ಲಿ ಸೈನ್ಯದ ನೆರವಿನಿಂದ ಜಾನ್ ಮಾಕ್ಲಿ ಮತ್ತು 24ರ ಹರೆಯದ ಪ್ರೆಸ್ಪರ್ ಎಕರ್ಟ್ 'ಎನಿಯಾಕ್' ಎಂಬ ಯಂತ್ರದ ಕೆಲಸಕ್ಕೆ ಕೈಹಾಕಿದರು. ಸುಮಾರು 18,000 ವಾಲ್ವ್‌ಗಳು, 30 ಟನ್ ತೂಕ, ಸೆಕೆಂಡಿಗೆ 5,000 ಕೂಡುವ ಲೆಕ್ಕ! 1946ರ ಫೆಬ್ರವರಿಯಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ಆ ಗುಂಡಿನ ಲೆಕ್ಕ ಅರ್ಧ ನಿಮಿಷದೊಳಗೆ ಮುಗಿಯಿತು.

ಆ ಲೆಕ್ಕವನ್ನು ಯಂತ್ರಕ್ಕೆ ಕಲಿಸಿದವರು ಯಾರು? ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದವರು ಆರು ಯುವತಿಯರು. ಕೈಪಿಡಿಯಿಲ್ಲದೆ, ಮೊದಮೊದಲು ಯಂತ್ರವನ್ನು ನೋಡಲೂ ಅನುಮತಿಯಿಲ್ಲದೆ, ಕೇವಲ ನಕ್ಷೆಗಳನ್ನು ಓದಿ ಕಲಿತವರು. ಪ್ರದರ್ಶನದ ಲೆಕ್ಕವನ್ನು ಸಿದ್ಧಪಡಿಸಿದವರು ಅವರಲ್ಲಿಬ್ಬರಾದ ಬೆಟ್ಟಿ ಸ್ನೈಡರ್ ಮತ್ತು ಜೀನ್ ಜೆನ್ನಿಂಗ್ಸ್. ಆದರೆ ಅಂದಿನ ಔತಣಕೂಟಕ್ಕೆ ಅವರಿಗೆ ಆಹ್ವಾನವಿರಲಿಲ್ಲ!

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಪೇಟೆಂಟ್ ಹಕ್ಕನ್ನು ತನಗೆ ಬಿಟ್ಟುಕೊಡಬೇಕೆಂದು ವಿಶ್ವವಿದ್ಯಾಲಯ ಪಟ್ಟುಹಿಡಿಯಿತು. ಒಪ್ಪದ ಎಕರ್ಟ್ ಮತ್ತು ಮಾಕ್ಲಿ ಮಾರ್ಚ್ ತಿಂಗಳಲ್ಲಿ ರಾಜೀನಾಮೆ ನೀಡಿದರು. ಶಾಲೆ ತನ್ನ ಇಬ್ಬರು ಪ್ರತಿಭಾವಂತರನ್ನು ಕಳೆದುಕೊಂಡಿತು. ಮುಂದೆ 1973ರಲ್ಲಿ ನ್ಯಾಯಾಲಯ ಎನಿಯಾಕ್‌ನ ಪೇಟೆಂಟನ್ನೇ ರದ್ದುಗೊಳಿಸಿತು.

ಆದರೂ ಅದೇ ವರ್ಷ ಜುಲೈ-ಆಗಸ್ಟ್‌ನಲ್ಲಿ ಮೂರ್ ಸ್ಕೂಲ್ ಎಂಟು ವಾರಗಳ ಉಪನ್ಯಾಸಮಾಲೆಯನ್ನು ಏರ್ಪಡಿಸಿತು. ಶಾಲೆ ಬಿಟ್ಟುಹೋಗಿದ್ದ ಎಕರ್ಟ್ ಮತ್ತು ಮಾಕ್ಲಿಯೂ ಬಂದು ಪಾಠ ಹೇಳಿದರು. ಇಂಗ್ಲೆಂಡಿನಿಂದ ಹೊರಟ ಮಾರಿಸ್ ವಿಲ್ಕ್ಸ್ ತಡವಾಗಿ ತಲುಪಿ, ಕೊನೆಯ ಎರಡು ವಾರವಷ್ಟೇ ಕೇಳಿದರು. ಹಡಗಿನಲ್ಲಿ ಮರಳುವಾಗಲೇ ಹೊಸ ಯಂತ್ರದ ಯೋಚನೆ ಆರಂಭಿಸಿದರು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಅವರ 'ಎಡ್ಸಾಕ್' ಕೆಲಸ ಮಾಡತೊಡಗಿತು. ಬಚ್ಚಿಡಲು ಹೊರಟ ವಿದ್ಯೆ ಜಗಳ ತಂದಿತು, ಹಂಚಿದ ವಿದ್ಯೆ ಸಮುದ್ರ ದಾಟಿ ಬೆಳೆಯಿತು.

ಆ ಆರು ಯುವತಿಯರ ಗತಿ ಏನಾಯಿತು? 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋಗಳನ್ನು ನೋಡಿ, 'ಇವರು ಯಾರು?' ಎಂದು ಕೇಳಿದಳು. ಅಂದಕ್ಕಾಗಿ ನಿಲ್ಲಿಸಿದ ರೂಪದರ್ಶಿಗಳು ಎಂಬ ಉತ್ತರ ಬಂತು. ಆಕೆ ನಂಬಲಿಲ್ಲ, ಹುಡುಕಿದಳು. 1997ರಲ್ಲಿ ಆರು ಮಂದಿಗೂ ಗೌರವ ಸಂದಿತು. ಅರ್ಧ ಶತಮಾನ ತಡವಾಗಿ!

ಆದ್ದರಿಂದ ಗೆಳೆಯರೇ, ನಿಮ್ಮ ಕಾಲೇಜಿನ ಸಾಧನೆಯ ಪಟ್ಟಿ ಓದುವಾಗ ಒಮ್ಮೆ ನಿಂತು ಕೇಳಿ: ಇದರಲ್ಲಿ ಬಿಟ್ಟುಹೋದ ಹೆಸರು ಯಾರದು? ಆ ಪ್ರಶ್ನೆಯನ್ನು ಕೇಳುವ ಧೈರ್ಯವೂ ಒಂದು ಸಾಧನೆಯೇ.