ಎಮ್ಮೆ ಕೊಟ್ಟವರು, ಮೇವು ಕೊಟ್ಟವರು

ಯಡಿಯೂರಿನಲ್ಲಿ ಆಟೋ ಹತ್ತಿ ‘ಐಐಎಸ್‌ಸಿಗೆ ಹೋಗ್ಬೇಕು’ ಅನ್ನಿ. ಡ್ರೈವರ್ ಸ್ವಲ್ಪ ವಯಸ್ಸಾದವರಾದರೆ ‘ಟಾಟಾ ಇನ್‌ಸ್ಟಿಟ್ಯೂಟ್ ತಾನೆ?’ ಅಂತ ಕೇಳುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನ ಹಳಬರು ಇಟ್ಟುಕೊಂಡ ಹೆಸರು ಅದು. ದುಡ್ಡು ಕೊಟ್ಟವರ ಹೆಸರು ಜನರ ಬಾಯಲ್ಲಿ ಉಳಿದದ್ದು ಸರಿಯೇ. ಆದರೆ ಆ ಹೆಸರಿನಲ್ಲಿ ಅರ್ಧ ಕಥೆ ಮಾತ್ರ ಇದೆ.

ನಮ್ಮೂರಲ್ಲಿ ಯಾರಾದರೂ ಸಾಲ ಮಾಡಿ ಎಮ್ಮೆ ತಂದರೆ ಹಿರಿಯರು ಎಮ್ಮೆಯ ಬೆಲೆ ಕೇಳುತ್ತಿರಲಿಲ್ಲ. ‘ಬೇಸಿಗೇಲಿ ಮೇವಿಗೆ ಏನ್ ಮಾಡ್ತೀಯಪ್ಪಾ?’ ಅಂತಿದ್ದರು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಎಮ್ಮೆ ಕ್ಯಾಪೆಕ್ಸ್, ಮೇವು ಒಪೆಕ್ಸ್. ಸರ್ವರ್ ಕೊಳ್ಳೋಕೆ ಒಂದು ಸಲ ಅಪ್ರೂವಲ್ ಸಿಕ್ಕಿದರೆ ಸಾಕು, ಅದನ್ನ ಓಡಿಸೋಕೆ ಪ್ರತಿ ತಿಂಗಳೂ ದುಡ್ಡು ಬೇಕು. ವಿಜ್ಞಾನದ ಲೆಕ್ಕವೂ ಇದೇ.

ಜಮ್‌ಶೇಟ್‌ಜಿ ಟಾಟಾ ಅವರಿಗೆ ಇದು ಗೊತ್ತಿತ್ತು. 1898ರಲ್ಲಿ ಅವರು ಮುಂದಿಟ್ಟದ್ದು ಕಟ್ಟಡವನ್ನಲ್ಲ, ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು. ಅದರಿಂದ ವರ್ಷಕ್ಕೆ ಒಂದೂಕಾಲು ಲಕ್ಷ ಆದಾಯ ಬರಬೇಕು, ಆ ಆದಾಯದಲ್ಲಿ ಸಂಸ್ಥೆ ನಡೆಯಬೇಕು. ಆದರೆ ಅಷ್ಟರಿಂದಲೇ ಎಲ್ಲ ಆಗುವುದಿಲ್ಲ, ಸರ್ಕಾರವೂ ಕೈಜೋಡಿಸಬೇಕು ಎಂಬುದು ಅವರ ಯೋಜನೆಯಲ್ಲೇ ಇತ್ತು. ಅದೇ ವರ್ಷದ ಕೊನೆಯ ದಿನ ಅವರ ಸಮಿತಿ, ಆಗತಾನೇ ಭಾರತಕ್ಕೆ ಬಂದಿದ್ದ ಲಾರ್ಡ್ ಕರ್ಜನ್‌ರನ್ನು ಭೇಟಿ ಮಾಡಿತು. ಕರ್ಜನ್‌ಗೆ ಅನುಮಾನ. ಓದೋಕೆ ಹುಡುಗರು ಬರ್ತಾರಾ? ಓದಿದವರಿಗೆ ಕೆಲಸ ಎಲ್ಲಿದೆ?

ಆಮೇಲೆ ಶುರುವಾಯಿತು ಕಮಿಟಿಗಳ ಕಾಲ. 1900ರಲ್ಲಿ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ, ಬೆಂಗಳೂರೇ ಸರಿಯಾದ ಜಾಗ ಅಂದರು. ಅವರ ವರದಿಯ ಮೇಲೆ ಇನ್ನಿಬ್ಬರಿಂದ ಇನ್ನೊಂದು ವರದಿ. ಸಂಸ್ಥೆ ಎಷ್ಟು ದೊಡ್ಡದಿರಬೇಕು, ಸರ್ಕಾರದ ಪಾಲೆಷ್ಟು ಅಂತ ಕಾಗದಗಳು ಓಡಾಡುತ್ತಲೇ ಇದ್ದವು. 1904ರಲ್ಲಿ ಜಮ್‌ಶೇಟ್‌ಜಿ ತೀರಿಕೊಂಡರು. ಸಂಸ್ಥೆಗೆ ಕಾನೂನಿನ ರೂಪ ಸಿಕ್ಕಿದ್ದು 1909ರ ಮೇ 27ರಂದು, ಪಾಠ ಶುರುವಾಗಿದ್ದು 1911ರಲ್ಲಿ. ಒಟ್ಟು 13 ವರ್ಷ!

ಈ ನಡುವೆ ಮೈಸೂರು ಸಂಸ್ಥಾನ ಮಾಡಿದ್ದೇ ಉಳಿದರ್ಧ ಕಥೆ. 371 ಎಕರೆ ಜಮೀನು ಕೊಟ್ಟದ್ದು ಬಹಳ ಜನಕ್ಕೆ ಗೊತ್ತು. ಅದರ ಜತೆಗೆ 5 ಲಕ್ಷ ರೂಪಾಯಿ ಬಂಡವಾಳ, ಮತ್ತು ವರ್ಷಕ್ಕೆ 50,000 ರೂಪಾಯಿ. ಜಮೀನು ಕಣ್ಣಿಗೆ ಕಾಣುತ್ತೆ, ಕಾಂಪೌಂಡ್ ಪಕ್ಕದಲ್ಲಿ ಹೋದರೆ ಮುಗಿಯೋದೇ ಇಲ್ಲ. ಆ ವಾರ್ಷಿಕ 50,000 ಯಾವ ಫಲಕದಲ್ಲೂ ಕಣ್ಣು ಕುಕ್ಕುವುದಿಲ್ಲ. ಅದು ಮೇವಿನ ದುಡ್ಡು.

ವರ್ಷಾವರ್ಷದ ದುಡ್ಡಿಗೆ ಇನ್ನೊಂದು ಮುಖವೂ ಇದೆ. ಕೊಟ್ಟವರು ಲೆಕ್ಕ ಕೇಳುತ್ತಾರೆ. ಇದೇ ಸಂಸ್ಥೆಗೆ 1933ರಲ್ಲಿ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ 1937ರಲ್ಲಿ ಆ ಹುದ್ದೆ ಬಿಡಬೇಕಾಯಿತು. 1948ರಲ್ಲಿ ನಿವೃತ್ತರಾಗಿ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದಾಗ ಸರ್ಕಾರದ ಅನುದಾನವೇ ಬೇಡ ಅಂದರು. ಜಾಗ ಮೈಸೂರು ಸರ್ಕಾರದ್ದು, ಉಳಿದದ್ದು ದೇಣಿಗೆ. ನೊಬೆಲ್ ಪಡೆದವರು ಊರೂರು ತಿರುಗಿ ದುಡ್ಡು ಕೂಡಿಸಿದರು. ಸ್ವಾತಂತ್ರ್ಯ ಉಳಿಯಿತು. ಆದರೆ ಅದು ರಾಮನ್ ಎಂಬ ಒಬ್ಬ ಮನುಷ್ಯನ ಹೆಸರಿನ ಮೇಲೆ ನಿಂತ ಸ್ವಾತಂತ್ರ್ಯ. 1970ರಲ್ಲಿ ಅವರು ಹೋದರು, 1972ರಿಂದ ಆ ಸಂಸ್ಥೆಗೂ ಕೇಂದ್ರ ಸರ್ಕಾರದ ಅನುದಾನವೇ ಆಧಾರವಾಯಿತು.

ಈಗಿನ ಮಾತಿಗೆ ಬರೋಣ. 2023ರ ಕಾನೂನಿನಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. 5 ವರ್ಷಕ್ಕೆ 50,000 ಕೋಟಿ ಅಂದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಅಂದರೆ ಉದ್ಯಮಗಳಿಂದ, ದಾನಿಗಳಿಂದ ಬರಬೇಕು ಎಂಬ ಲೆಕ್ಕ. 2020–21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64 ಮಾತ್ರ, ಹಾಗಾಗಿ ಹೊರಗಿನ ದುಡ್ಡು ಬರಲಿ, ಬೇಕೇ ಬೇಕು. ನಮ್ಮ ಐಟಿ ಉದ್ಯಮದಲ್ಲಿ ಸಂಪಾದಿಸಿದವರು ಟಾಟಾ ಇನ್‌ಸ್ಟಿಟ್ಯೂಟಿಗೆ ನೂರಾರು ಕೋಟಿ ಕೊಟ್ಟಿದ್ದಾರೆ, ಅದು ದೊಡ್ಡ ಮನಸ್ಸು. ಆದರೆ ದಾನಿಗೆ ಕಟ್ಟಡ ಇಷ್ಟ, ಕೇಂದ್ರ ಇಷ್ಟ. ರೀಏಜೆಂಟ್ ಬಾಟಲಿಗೆ ಯಾರ ಹೆಸರು ಬರೆಯೋಕಾಗುತ್ತೆ?

ನಮ್ಮ ಬಿಲ್ಡಿಂಗಿನ ಮೇಲಿನ ರೂಮಿನಲ್ಲಿ ಪಿಎಚ್‌ಡಿ ಮಾಡುವ ಹುಡುಗನಿದ್ದಾನೆ. 2023ರಲ್ಲಿ ಜೂನಿಯರ್ ಫೆಲೋಶಿಪ್ 31,000ದಿಂದ 37,000ಕ್ಕೆ ಏರಿದಾಗ ಖುಷಿಪಟ್ಟಿದ್ದ. ಆಮೇಲೊಮ್ಮೆ ಮೂರು ತಿಂಗಳು ದುಡ್ಡೇ ಬರಲಿಲ್ಲ. ‘ಸ್ಯಾಂಕ್ಷನ್ ಆಗಿದೆಯಂತೆ ಅಣ್ಣ, ರಿಲೀಸ್ ಆಗಿಲ್ಲ’ ಅಂದ. ಯಡಿಯೂರಿನ ಬಾಡಿಗೆ ಮಾತ್ರ ಒಂದನೇ ತಾರೀಕಿಗೆ ಸರಿಯಾಗಿ ರಿಲೀಸ್ ಆಗಬೇಕು.

ಮುಂದಿನ ಸಲ ವಿಜ್ಞಾನಕ್ಕೆ ಇಷ್ಟು ಸಾವಿರ ಕೋಟಿ ಅನ್ನೋ ಹೆಡ್‌ಲೈನ್ ಬಂದಾಗ ಖುಷಿಪಡೋಣ. ಜತೆಗೆ ನಮ್ಮೂರ ಹಿರಿಯರ ಆ ಪ್ರಶ್ನೆಯನ್ನೂ ಕೇಳೋಣ. ಬೇಸಿಗೆಯ ಮೇವು ಯಾರದು, ಮತ್ತು ಅದು ಯಾವ ತಾರೀಕಿಗೆ ಬರುತ್ತೆ?