ಓಪನ್ ಸೋರ್ಸ್ ಕೋಡನ್ನು ಸಾವಿರಾರು ಜನ ಪರಿಶೀಲಿಸುತ್ತಾರೆ ಎಂಬುದು ನಿಜವೇ?

‘ಓಪನ್ ಸೋರ್ಸ್ ಸಾಫ್ಟ್‌ವೇರ್ ಕೋಡನ್ನು ಪ್ರಪಂಚದ ಸಾವಿರಾರು ಜನ ನೋಡಿರುತ್ತಾರೆ, ಹಾಗಾಗಿ ಅದು ನೂರಕ್ಕೆ ನೂರು ಸೇಫ್.’ ಈ ಮಾತನ್ನು ನೀವೂ ಕೇಳಿರಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಓಪನ್ ಸೋರ್ಸ್ ಆದ ಲಿನಕ್ಸ್ ಕರ್ನಲ್ ಇದೆ. ಆದ್ದರಿಂದ ಇದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ನಮ್ಮ ಉತ್ತರ: ಅರ್ಧ ನಿಜ. ಕೋಡನ್ನು ಯಾರು ಬೇಕಾದರೂ ನೋಡಬಹುದು, ಆದರೆ ಯಾರಾದರೂ ನೋಡಿಯೇ ಇರುತ್ತಾರೆ ಎಂಬ ಗ್ಯಾರಂಟಿ ಇಲ್ಲ.

ಒಬ್ಬರು ಬರೆದ ಬದಲಾವಣೆಯನ್ನು ಸೇರಿಸುವ ಮೊದಲು ಇನ್ನೊಬ್ಬರು ಸಾಲು ಸಾಲಾಗಿ ಓದಿ ತಪ್ಪು ಹುಡುಕುವುದಕ್ಕೆ ಕೋಡ್ ರಿವ್ಯೂ ಎನ್ನುತ್ತಾರೆ. ಅನೇಕ ಯೋಜನೆಗಳಲ್ಲಿ ಇದು ಸಂಬಳವಿಲ್ಲದ ಕೆಲಸ. ಮದುವೆ ಮನೆಯಲ್ಲಿ ಬಡಿಸುವುದಕ್ಕೆ ಜನ ಮುಂದೆ ಬರುತ್ತಾರೆ, ಪಾತ್ರೆ ತೊಳೆಯುವಾಗ ಯಾರೂ ಕಾಣುವುದಿಲ್ಲ. ಇಲ್ಲೂ ಹಾಗೆಯೇ: ಹೊಸ ಕೋಡ್ ಬರೆದವರಿಗೆ ಹೆಸರು ಬರುತ್ತದೆ, ಓದಿ ತಿದ್ದಿದವರು ನೆನಪಿಗೆ ಬರುವುದೇ ಕಡಿಮೆ. ಕೊನೆಗೆ ಭಾರವೆಲ್ಲ ಒಬ್ಬಿಬ್ಬರ ಹೆಗಲಿಗೆ ಬೀಳುತ್ತದೆ.

ಹಾಗೆ ಬಿದ್ದರೆ ಏನಾಗುತ್ತದೆ ಎಂಬುದು 2024ರ ಮಾರ್ಚ್‌ನಲ್ಲಿ ಗೊತ್ತಾಯಿತು. ಫೈಲುಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಸಣ್ಣ ಸಾಫ್ಟ್‌ವೇರ್ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಮುಖ್ಯವಾಗಿ ಒಬ್ಬರೇ. ಇದು ಸಂಬಳವಿಲ್ಲದ ಹವ್ಯಾಸ, ಆರೋಗ್ಯವೂ ಸರಿಯಿಲ್ಲ ಎಂದು ಅವರು 2022ರಲ್ಲೇ ಹೇಳಿಕೊಂಡಿದ್ದರು. ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಡ ಮಾತ್ರ ನಿಲ್ಲಲಿಲ್ಲ. ಆಗ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಸಹಾಯಕ್ಕೆ ಬಂದ ವ್ಯಕ್ತಿ ಕ್ರಮೇಣ ನಂಬಿಕೆ ಗಳಿಸಿ, ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳ ಬಾಗಿಲು ಇಟ್ಟ. ಆ ಹೆಸರಿನ ಹಿಂದೆ ಯಾರಿದ್ದರು ಎಂಬುದು ಬಯಲಾಗಿಲ್ಲ.

ಇದನ್ನು ಹಿಡಿದದ್ದು ಸಾವಿರ ಕಣ್ಣುಗಳಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಗಮನಿಸಿ, ಕಾರಣ ಹುಡುಕುತ್ತಾ ಹೋದರು.

ರಿವ್ಯೂ ಕೆಲಸವನ್ನು ಸಮನಾಗಿ ಹಂಚುವ ದಾರಿಗಳಿಲ್ಲವೇ? ಇವೆ. ಫ್ರಾಯಿಂಡ್ ಅವರೇ ಕೆಲಸ ಮಾಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಯೋಜನೆಯ ಕ್ರಮ ನಮಗೆ ಹೆಚ್ಚು ಇಷ್ಟವಾಯಿತು. ಅಲ್ಲಿ ವರ್ಷಕ್ಕೆ ಐದು ಬಾರಿ, ಒಂದೊಂದು ತಿಂಗಳು, ‘ಕಮಿಟ್‌ಫೆಸ್ಟ್’ ನಡೆಯುತ್ತದೆ. ಆಗ ಹೊಸದನ್ನು ಬರೆಯುವುದಕ್ಕಿಂತ ಬಂದಿರುವುದನ್ನು ಓದುವುದೇ ಮುಖ್ಯ. ನೀವು ಒಂದು ಪ್ಯಾಚ್ ಕೊಟ್ಟರೆ, ಅಷ್ಟೇ ಕಷ್ಟದ ಇನ್ನೊಬ್ಬರ ಪ್ಯಾಚನ್ನು ನೀವು ಓದಬೇಕು. ಹಳ್ಳಿಯ ಮುಯ್ಯಾಳು ಪದ್ಧತಿಯಂತೆ: ಇವತ್ತು ನನ್ನ ಗದ್ದೆ, ನಾಳೆ ನಿನ್ನದು.

ರಸ್ಟ್ ಭಾಷೆಯವರು ಇದನ್ನು ಒಂದು ಬಾಟ್‌ಗೆ ಒಪ್ಪಿಸಿದ್ದಾರೆ. ಬದಲಾವಣೆ ಬಂದ ಕೂಡಲೇ ಅದು ಸಂಬಂಧಪಟ್ಟ ತಂಡದಿಂದ ಒಬ್ಬರನ್ನು ಆರಿಸುತ್ತದೆ, ರಜೆಯಲ್ಲಿರುವವರನ್ನು ಬಿಡುತ್ತದೆ. ಗಿಟ್‌ಹಬ್‌ನಲ್ಲೂ ತಂಡದೊಳಗೆ ಸರದಿಯಂತೆ, ಅಥವಾ ಯಾರ ಬಳಿ ಕೆಲಸ ಕಡಿಮೆಯಿದೆ ಎಂದು ನೋಡಿ, ರಿವ್ಯೂ ಹಂಚುವ ಸೌಲಭ್ಯವಿದೆ. ಆದರೆ ತಂಡದಲ್ಲಿ ಒಬ್ಬರೇ ಇದ್ದರೆ ಯಾವ ಬಾಟ್ ತಾನೇ ಏನು ಮಾಡೀತು!

ರಿವ್ಯೂ ಮಾಡಲು ಮಹಾ ಪಂಡಿತರೇ ಬೇಕು ಎಂಬುದೂ ತಪ್ಪು ಕಲ್ಪನೆ. ಪ್ಯಾಚ್ ಸರಿಯಾಗಿ ಕೂರುತ್ತದೆಯೇ, ಪರೀಕ್ಷೆಗಳು ಪಾಸಾಗುತ್ತವೆಯೇ, ಜೊತೆಗಿರುವ ವಿವರಣೆ ಓದಿದರೆ ಅರ್ಥವಾಗುತ್ತದೆಯೇ ಎಂದು ನೋಡಿ ಹೇಳುವುದನ್ನೂ ಪೋಸ್ಟ್‌ಗ್ರೆಸ್‌ನವರು ರಿವ್ಯೂ ಎಂದೇ ಪರಿಗಣಿಸುತ್ತಾರೆ. ಹೀಗಿದ್ದೂ ಓದುವವರು ಸಾಲದೆ, ಒಂದು ಕಮಿಟ್‌ಫೆಸ್ಟ್‌ನಲ್ಲಿ ಉಳಿದ ಪ್ಯಾಚುಗಳು ಮುಂದಿನದಕ್ಕೆ ಹೋಗುತ್ತಲೇ ಇರುತ್ತವೆ.