ಸ್ನಾಯು: ನೆಲೆ ಬದಲಿಸಿದ ಒಂದು ಪದ

ವೈದ್ಯರು ‘ಮಸ್ಕ್ಯುಲೋಸ್ಕೆಲಿಟಲ್’ ಎಂದು ಕರೆಯುವುದನ್ನು ನಾವು ‘ಸ್ನಾಯು ಮತ್ತು ಮೂಳೆಗಳಿಗೆ ಸಂಬಂಧಿಸಿದ್ದು’ ಎಂದು ಕನ್ನಡಿಸುತ್ತೇವೆ. ಈ ಪದದ ಮೊದಲರ್ಧಕ್ಕೆ ಮೂಲವಾದ ಲ್ಯಾಟಿನ್ ಶಬ್ದದ ಅರ್ಥ ಪುಟ್ಟ ಇಲಿ. ಚರ್ಮದಡಿಯಲ್ಲಿ ಅಲುಗುವ ಮಾಂಸ ಅವರಿಗೆ ಇಲಿಯಂತೆ ತೋರಿತು. ಕನ್ನಡಿಗರು ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ ಮೀನನ್ನು ಕಂಡು ‘ಮೀನಖಂಡ’ವೆಂದರು. ಉತ್ತರಾರ್ಧದ ಗ್ರೀಕ್ ಮೂಲಕ್ಕೆ ಒಣಗಿದ್ದು ಎಂದರ್ಥ.

ಆದರೆ ನಮ್ಮ ‘ಸ್ನಾಯು’ವಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಸುಶ್ರುತಸಂಹಿತೆ ದೇಹದಲ್ಲಿ 300 ಅಸ್ಥಿ, 500 ಪೇಶಿ, 900 ಸ್ನಾಯುಗಳನ್ನು ಎಣಿಸುತ್ತದೆ. ಇಂದಿನ ಲೆಕ್ಕದಲ್ಲಿ ವಯಸ್ಕರ ಮೂಳೆಗಳು 206, ಅದಿರಲಿ. ಪೇಶಿ ಮತ್ತು ಸ್ನಾಯು ಅಲ್ಲಿ ಬೇರೆ ಬೇರೆ ಎಂಬುದೇ ಮುಖ್ಯ. ಪೇಶಿ ಮಾಂಸ, ಸ್ನಾಯು ಕೀಲುಗಳನ್ನು ಬಿಗಿಯುವ ಕಟ್ಟು. ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ದೇಹ ಭಾರ ಹೊರುತ್ತದೆಂದು ಆ ಗ್ರಂಥ ಹೋಲಿಸುತ್ತದೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರತಂದರು. ಶಾಸ್ತ್ರವಿಷಯಗಳಿಗೆ ಕನ್ನಡ ಪದಗಳನ್ನು ಒದಗಿಸುವ ಕೆಲಸ ಆ ಶತಮಾನದುದ್ದಕ್ಕೂ ಸಾಗಿತು. ಇಂದು ಪಠ್ಯಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡವೇ. ಹಳೆಯ ಸ್ನಾಯುವಿನ ಕೆಲಸಕ್ಕೆ ‘ಅಸ್ಥಿರಜ್ಜು’, ‘ಸ್ನಾಯುರಜ್ಜು’ ಎಂಬ ಹೊಸ ಹೆಸರುಗಳು ಬೇಕಾದವು. ಅವು ಪುಸ್ತಕದಲ್ಲೇ ಉಳಿದವು, ನಾಲಿಗೆಗೆ ಇಳಿಯಲಿಲ್ಲ.

ಇದು ಕೇವಲ ಪಂಡಿತರ ತಕರಾರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಕಾಯಿ ಸುಲಿಯುವವರು ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಚುಚ್ಚಿ, ಬಾಗಿ, ಮುಂಗೈ ತಿರುಚಿ ಸಿಪ್ಪೆ ಬಿಡಿಸುತ್ತಾರೆ. ನೋವಾದಾಗ ಅವರು ಹೇಳುವ ಮಾತು: “ನರ ಹಿಡ್ಕಂಡೈತೆ.” ಆಡುಮಾತಿನ ‘ನರ’ದಲ್ಲಿ ರಕ್ತನಾಳವೂ ಇದೆ, ಮಾಂಸವನ್ನು ಮೂಳೆಗೆ ಸೇರಿಸುವ ಹುರಿಯೂ ಇದೆ. ಶಾಸ್ತ್ರದ ‘ನರ’ವಾದರೋ ಸಂಕೇತಗಳನ್ನು ಒಯ್ಯುವ ತಂತು ಮಾತ್ರ. ಹೇಳಿದ್ದೊಂದು, ಕೇಳಿಸಿಕೊಂಡದ್ದು ಇನ್ನೊಂದು ಆಗುವುದು ಇಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ನೀಡಿದ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 171 ಕೋಟಿ ಜನರಿಗೆ ಈ ಬಗೆಯ ತೊಂದರೆಗಳಿವೆ. ಆ ಎಣಿಕೆಯಲ್ಲಿ ಮಾಂಸ, ಮೂಳೆಗಳೊಡನೆ ಕೀಲೂ ಕಟ್ಟೂ ಸೇರಿವೆ. ನಮ್ಮ ಅನುವಾದದಲ್ಲಿ ಕಾಣದೆ ಹೋದದ್ದು ಈ ಕಟ್ಟೇ.

ರೂಢಿಯಾದ ಪದವನ್ನು ಹಿಂದಕ್ಕೆಳೆಯಲು ಬಾರದು. ಆದರೆ ‘ನರ’ ಎಂದವನ ಮಾತನ್ನು ತಿದ್ದುವ ಮೊದಲು, ನೋಯುವ ಜಾಗವನ್ನು ಮುಟ್ಟಿ ತೋರಿಸೆಂದು ಕೇಳುವುದು ವೈದ್ಯರಿಗೆ ಒಪ್ಪುವ ಕ್ರಮ. ಪದಕ್ಕಿಂತ ಬೆರಳು ಅಲ್ಲಿ ಹೆಚ್ಚು ಖಚಿತವಾಗಿ ಮಾತಾಡುತ್ತದೆ.